ನಿಶ್ಚಿತಾರ್ಥದ ಉಂಗುರ ಆರಿಸುವ ಮೊದಲು ಅವಳ ಕೈ ನೋಡಿ

ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಉಂಗುರ ತರುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಹುಡುಗನ ಅಮ್ಮ, ಅಕ್ಕ, ಭಾವ ಸೇರಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗುತ್ತಾರೆ. ಹುಡುಗಿಯ ಬೆರಳಿನ ಅಳತೆ ಫೋನಿನಲ್ಲಿ ಬರುತ್ತದೆ. ಎಷ್ಟು ಗ್ರಾಂ ಅನ್ನೋದು ಮನೆಯಲ್ಲೇ ತೀರ್ಮಾನ ಆಗಿರುತ್ತದೆ. ಅಷ್ಟು ತೂಕದಲ್ಲಿ ಯಾವುದು ದೊಡ್ಡದಾಗಿ ಕಾಣುತ್ತದೋ ಅದನ್ನು ಆರಿಸಿ, ಬಿಲ್ ಮಾಡಿಸಿ, ಊಟ ಮಾಡಿಕೊಂಡು ಬಸ್ಸು ಹತ್ತುತ್ತಾರೆ. ಅದನ್ನು ಹಾಕಿಕೊಳ್ಳುವವಳಿಗೆ ಏನು ಇಷ್ಟ ಅಂತ ಒಬ್ಬರೂ ಕೇಳಿರುವುದಿಲ್ಲ.

ನನಗೆ ಇದು ಸರಿ ಅನ್ನಿಸುವುದಿಲ್ಲ. ಸೀರೆಗೆ ಹತ್ತು ಸಲ ಕೇಳುತ್ತೇವೆ. ಬ್ಲೌಸಿನ ತೋಳು ಎಷ್ಟಿರಬೇಕು ಅಂತಲೂ ಕೇಳುತ್ತೇವೆ. ಸೀರೆ ಒಂದು ದಿನ ಉಡುವಂಥದ್ದು. ಉಂಗುರ ದಿನಾ ಕೈಯಲ್ಲಿ ಇರಬೇಕಾದ್ದು. ಕೇಳದೆ ತಂದ ಎಷ್ಟೋ ಉಂಗುರಗಳು ಮದುವೆ ಆಲ್ಬಮ್ಮಿನ ಫೋಟೋದಲ್ಲಿ ಬಿಟ್ಟರೆ ಬೀರುವಿನ ಲಾಕರಿನಲ್ಲೇ ಇರುತ್ತವೆ. ನಿಮ್ಮ ಮನೆಯಲ್ಲೂ ಒಂದಾದರೂ ಇದೆ, ಅಲ್ವಾ?

ಹೋದ ವರ್ಷ ನನ್ನ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ ಆಯಿತು. ಅವಳು ಶಿವಮೊಗ್ಗದಲ್ಲಿ ನರ್ಸ್. ಹುಡುಗ ತೀರ್ಥಹಳ್ಳಿ ಕಡೆಯವನು, ಒಳ್ಳೆಯ ಮನಸ್ಸಿನವನು. ಎತ್ತರಕ್ಕೆ ಕೂರಿಸಿದ ಒಂಟಿ ವಜ್ರದ ಉಂಗುರ ಕೊಡಿಸಬೇಕು ಅಂತ ಅವನ ಆಸೆ. ಪುಣ್ಯಕ್ಕೆ, ತರುವ ಮೊದಲು ನನಗೆ ಫೋನ್ ಮಾಡಿ, "ಅಕ್ಕಾ, ಅವಳಿಗೆ ಹಿಡಿಸುತ್ತಾ?" ಅಂತ ಕೇಳಿದ. "ಅವಳ ಕೈಯನ್ನು ಯಾವತ್ತಾದರೂ ಸರಿಯಾಗಿ ನೋಡಿದೀಯೇನೋ?" ಅಂತ ನಾನು ಕೇಳಿದೆ.

ಅವಳು ಡ್ಯೂಟಿಯಲ್ಲಿ ಬಳೆ ಹಾಕುವುದಿಲ್ಲ. ಉಗುರು ಬೆರಳಿನ ತುದಿ ದಾಟಲು ಬಿಡುವುದಿಲ್ಲ. ಮೂಗಿನಲ್ಲಿ ಸಾಸಿವೆ ಕಾಳಿನಷ್ಟು ಮೂಗುತಿ, ಅಷ್ಟೇ. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೈ ತೊಳೆಯುತ್ತಾಳೆ, ಗ್ಲೌಸ್ ಹಾಕುತ್ತಾಳೆ, ತೆಗೆಯುತ್ತಾಳೆ. ಎತ್ತರದ ವಜ್ರವನ್ನು ಹಿಡಿದಿಡುವುದು ನಾಲ್ಕೋ ಆರೋ ಸಣ್ಣ ಕೊಂಡಿಗಳು. ಅವು ಗ್ಲೌಸ್ ಹರಿಯುತ್ತವೆ, ಸ್ವೆಟರಿನ ಎಳೆಗೆ ಸಿಕ್ಕಿಕೊಳ್ಳುತ್ತವೆ. ಅದೂ ಅಲ್ಲದೆ ನಾವು ಕೈಯಲ್ಲಿ ಅನ್ನ ಕಲೆಸಿ ಉಣ್ಣುವವರು. ಬಲಗೈಗೆ ಅಂಥ ಉಂಗುರ ಹಾಕಿದರೆ ಕಲ್ಲಿನ ಅಡಿಯಲ್ಲಿ ಅನ್ನ, ಸಾರು, ಸೋಪಿನ ಜಿಡ್ಡು ಎಲ್ಲ ಸೇರಿ ವಾರದೊಳಗೆ ಹೊಳಪು ಮಂಕಾಗುತ್ತದೆ. ಅಂಗಡಿಯ ದೀಪದ ಕೆಳಗೆ ಇದ್ಯಾವುದೂ ನೆನಪಿಗೆ ಬರುವುದಿಲ್ಲ.

ಕೊನೆಗೆ ಅವರಿಬ್ಬರೂ ಒಟ್ಟಿಗೇ ಹೋಗಿ ಊರಿನ ಅಕ್ಕಸಾಲಿ ಆಚಾರ್ರ ಹತ್ತಿರ ಮಾಡಿಸಿದರು. 18 ಕ್ಯಾರಟ್ಟಿನ ಚಪ್ಪಟೆ ಪಟ್ಟಿಯ ಉಂಗುರ, ಮಧ್ಯೆ ಒಂದು ಪುಟ್ಟ ನೀಲದ ಕಲ್ಲು. ಕಲ್ಲನ್ನು ಚಿನ್ನದೊಳಗೆ ಇಳಿಸಿ ಸುತ್ತ ಅಂಚು ಕಟ್ಟಿದ್ದರಿಂದ ಬೆರಳು ಸವರಿದರೆ ಎಲ್ಲೂ ತಡೆಯುವುದಿಲ್ಲ. ಎರಡೂ ಪಕ್ಕದಲ್ಲಿ ಹಸೆ ಚಿತ್ತಾರದ ಎಳೆಗಳು. ನಾವು ಸಾಗರದ ಕಡೆಯ ದೀವರು. ನಮ್ಮಜ್ಜಿ ಮದುವೆ ಮನೆಗಳಲ್ಲಿ ಹಸೆಗೋಡೆ ಬರೆಯುತ್ತಿದ್ದರು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಒಂದರ ಮೇಲೊಂದು ಓರೆಯಾಗಿ ಹಾಯುವ ಆ ಗೆರೆಗಳನ್ನು ಇವಳೇ ಕಾಗದದ ಮೇಲೆ ಬರೆದು ಕೊಟ್ಟಳು, ಆಚಾರ್ರು ಉಳಿಯಲ್ಲಿ ಕೊರೆದರು. ಗೆರೆ ಕೂದಲಿನಷ್ಟು ಸಣ್ಣದು, ಹತ್ತಿರ ಹಿಡಿದರೆ ಮಾತ್ರ ಕಾಣುತ್ತದೆ. ಡ್ಯೂಟಿ ಇಲ್ಲದ ಹೊತ್ತಿನಲ್ಲೆಲ್ಲ ಅದು ಅವಳ ಬೆರಳಲ್ಲೇ ಇರುತ್ತದೆ. ಅವನಿಗೆ ವಜ್ರಕ್ಕಿಂತ ಕಡಿಮೆ ಖರ್ಚಾಯಿತು ಅನ್ನೋದು ಬೇರೆ ಮಾತು.

"ವಜ್ರ ಇಲ್ಲದಿದ್ದರೆ ಅದೆಂಥ ಎಂಗೇಜ್‌ಮೆಂಟ್ ರಿಂಗ್" ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ನಮ್ಮ ಹಿರಿಯರ ಕಾಲದಲ್ಲಿ ವೀಳ್ಯ ಬದಲಾಯಿಸಿದರೆ ಮಾತು ಗಟ್ಟಿ. ನಿಶ್ಚಿತಾರ್ಥ ಅಂದರೆ ವಜ್ರ ಅನ್ನೋದನ್ನು ಜನರ ತಲೆಯಲ್ಲಿ ಕೂರಿಸಿದ್ದು ಡಿ ಬಿಯರ್ಸ್ ಕಂಪನಿ ಅಮೆರಿಕದಲ್ಲಿ ಮಾಡಿಸಿದ ಜಾಹೀರಾತು. ವಜ್ರ ಶಾಶ್ವತ ಅನ್ನುವ ಅವರ ಘೋಷವಾಕ್ಯ ಹುಟ್ಟಿದ್ದು 1947ರಲ್ಲಿ. ವಜ್ರ ಇಷ್ಟಪಡುವ ಹುಡುಗಿಗೆ ಖಂಡಿತ ವಜ್ರವನ್ನೇ ಕೊಡಿಸಿ. ಲ್ಯಾಬಿನಲ್ಲಿ ಬೆಳೆಸಿದ್ದೂ ಅದೇ ಇಂಗಾಲ, ಗಟ್ಟಿತನವೂ ಅಷ್ಟೇ, ಬೆಲೆ ಮಾತ್ರ ತುಂಬಾ ಕಡಿಮೆ. ಆದರೆ ಬಂದವರು ನೋಡಲಿ ಅಂತ ಕೊಡಿಸಬೇಡಿ.

ಕಲ್ಲು ಆರಿಸುವಾಗ ಬಣ್ಣದ ಜೊತೆ ಗಟ್ಟಿತನವನ್ನೂ ನೋಡಬೇಕು. ಮೋಸ್ ಅಂತ ಒಂದು ಅಳತೆ ಇದೆ. ಅದರಲ್ಲಿ ವಜ್ರ 10, ಕೆಂಪುಕಲ್ಲು ಮತ್ತು ನೀಲ 9. ನಮ್ಮ ಧೂಳಿನಲ್ಲಿ, ಮರಳಿನಲ್ಲಿ ಇರುವ ಬೆಣಚುಕಲ್ಲಿನ ಕಣ 7. ಅದಕ್ಕಿಂತ ಮೆತ್ತಗಿರುವ ಕಲ್ಲನ್ನು ದಿನಾ ಹಾಕಿದರೆ ಸುಮ್ನೆ ಧೂಳು ಒರೆಸುವಾಗಲೂ ಗೀರು ಬೀಳುತ್ತದೆ. ಮುತ್ತು 3ರ ಆಸುಪಾಸು, ಹವಳವೂ ಮೆತ್ತಗೇ. ಎರಡಕ್ಕೂ ಹುಳಿ ಆಗದು. ಹುಣಸೆಹಣ್ಣು ಕಿವುಚುವ, ನಿಂಬೆಹಣ್ಣು ಹಿಂಡುವ ಕೈಗೆ ಅವು ಬೇಡವೇ ಬೇಡ, ಕಿವಿಗೆ ಹಾಕಿಕೊಳ್ಳಲಿ. ಪಚ್ಚೆ ಗಟ್ಟಿಯೇ, ಆದರೆ ಒಳಗೆ ಸಣ್ಣ ಬಿರುಕುಗಳಿರುತ್ತವೆ, ಪೆಟ್ಟು ತಡೆಯುವುದಿಲ್ಲ. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವಳಿಗೆ, ಕೊಟ್ಟಿಗೆ ಕೆಲಸ ಮಾಡುವವಳಿಗೆ ಕಲ್ಲೇ ಇಲ್ಲದ 22 ಕ್ಯಾರಟ್ಟಿನ ವಂಕಿ ಉಂಗುರದಷ್ಟು ಚಂದದ್ದು ಇನ್ನೊಂದಿಲ್ಲ. ಕಲ್ಲು ಬೇಕೇ ಬೇಕು ಅಂದರೆ 18 ಕ್ಯಾರಟ್ ವಾಸಿ, ಬೇರೆ ಲೋಹ ಜಾಸ್ತಿ ಇರುವುದರಿಂದ ಹಿಡಿತ ಬಿಗಿ. ಬಿಳಿ ಚಿನ್ನ ಅಂತ ಕೊಡುವುದರ ಮೇಲೆ ಸಾಮಾನ್ಯವಾಗಿ ರೋಡಿಯಂ ಲೇಪ ಇರುತ್ತದೆ, ಬಳಸುತ್ತಾ ಅದು ಸವೆಯುತ್ತದೆ, ಮತ್ತೆ ಹಾಕಿಸಬೇಕು. ಇದನ್ನು ಮೊದಲೇ ಕೇಳಿಕೊಳ್ಳಿ.

ಸರ್‌ಪ್ರೈಸ್ ಕೊಡಲೇಬೇಕು ಅನ್ನುವವರಿಗೆ ಒಂದು ಮಾತು. ಮದುವೆ ಮನೆಯಲ್ಲಿ ಅವಳು ಏನು ಹಾಕಿಕೊಂಡಿದ್ದಳು ಅಂತ ನೋಡಬೇಡಿ, ಅದು ಅಮ್ಮನದ್ದೋ ಅತ್ತೆಯದ್ದೋ ಆಗಿರಬಹುದು. ಮಾಮೂಲಿ ಮಂಗಳವಾರವೋ ಬುಧವಾರವೋ ಕೆಲಸಕ್ಕೆ ಹೋಗುವಾಗ ಕಿವಿಯಲ್ಲಿ ಏನಿದೆ ನೋಡಿ. ಬೆಳ್ಳಿಯೋ ಬಂಗಾರವೋ, ಜೋತಾಡುವುದೋ ಅಂಟಿಕೊಂಡಿರುವುದೋ, ಅಷ್ಟರಲ್ಲೇ ಅರ್ಧ ಗೊತ್ತಾಗುತ್ತದೆ. ಉಳಿದರ್ಧ ಅವಳ ತಂಗಿಗೆ ಗೊತ್ತಿರುತ್ತದೆ. ಅಳತೆಯನ್ನು ಮಾತ್ರ ಅಂದಾಜಿನಲ್ಲಿ ಕೊಡಬೇಡಿ. ಮಳೆಗಾಲದ ಚಳಿಯಲ್ಲಿ ಬೆರಳು ಸಣ್ಣಗಾಗುತ್ತದೆ, ಬೇಸಿಗೆಯಲ್ಲಿ ಊದುತ್ತದೆ. ಗೆಣ್ಣು ದಾಟುವಷ್ಟು ಸಡಿಲ ಬೇಕು, ಜಾರುವಷ್ಟು ಬೇಡ. ಸುತ್ತಲೂ ಕಲ್ಲು ಕೂರಿಸಿದ ಉಂಗುರವನ್ನು ಆಮೇಲೆ ದೊಡ್ಡದು ಚಿಕ್ಕದು ಮಾಡುವುದು ಬಹಳ ಕಷ್ಟ.

ಆದರೂ ಅವಳನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಎಲ್ಲಕ್ಕಿಂತ ಒಳ್ಳೆಯದು. "ಮದುವೆಗೆ ಮೊದಲೇ ಅಂಗಡಿ ಸುತ್ತುವುದಾ, ಜನ ಏನಂತಾರೆ" ಅನ್ನುವ ಅತ್ತೆಯಂದಿರಿಗೆ ನಾನು ಕೈಮುಗಿದು ಹೇಳುತ್ತೇನೆ: ನೀವೂ ಜೊತೆಗೆ ಬನ್ನಿ. ತೂಕ, ಮಜೂರಿ ನೋಡುವುದು ನಿಮಗೇ ಚೆನ್ನಾಗಿ ಗೊತ್ತು. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ತೂಕ ಬೇರೆ ಬೇರೆ ಬರೆಸಿ. ಉಂಗುರದ ಒಳಗೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, 22ಕೆ916 ಅಥವಾ 18ಕೆ750, ಅದರ ಪಕ್ಕ ಆ ಒಡವೆಗೆಂದೇ ಕೊಟ್ಟ 6 ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಎಚ್‌ಯುಐಡಿ ನೋಡಿ. ಹಾಲ್‌ಮಾರ್ಕ್ ಒಡವೆಗೆ 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಲ್ಲೇ ಗೊತ್ತಾಗುತ್ತದೆ. ಡಿಸೈನ್ ಮಾತ್ರ ಅವಳಿಗೆ ಬಿಡಿ.

ಹುಡುಗನ ಉಂಗುರಕ್ಕೂ ಇದೇ ಮಾತು. ದಪ್ಪ ನವರತ್ನದ್ದೋ, ಹೆಸರಿನ ಮೊದಲಕ್ಷರದ್ದೋ ಹುಡುಗಿ ಮನೆಯವರು ಮಾಡಿಸಿ ತಂದುಬಿಡುತ್ತಾರೆ. ತೋಟದಲ್ಲಿ ಟಿಲ್ಲರ್, ಕಳೆ ಹೊಡೆಯುವ ಮೆಷಿನ್ ಹಿಡಿಯುವವನ ಕೈಯಲ್ಲಿ ಉಂಗುರ ಎಲ್ಲಾದರೂ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಕಿತ್ತುಕೊಂಡು ಹೋಗುತ್ತದೆ. ಅಂಥವನಿಗೆ ಹಗುರದ್ದು ಸಾಕು. ಶಾಸ್ತ್ರದ ದಿನ ಬೆರಳಿಗೆ ಹಾಕಿ, ಆಮೇಲೆ ಕೆಲಸದ ಹೊತ್ತಿನಲ್ಲಿ ಬಿಚ್ಚಿಟ್ಟರೆ ಯಾರೂ ಬೇಸರ ಮಾಡಿಕೊಳ್ಳಬಾರದು.