ಪಡುವಣ ಕಿಟಕಿ

ಗೋಡೆ ಎದ್ದು, ಹೆಂಚು ಕೂತು, ಮನೆ ಮುಗಿದೇ ಹೋಯಿತು ಅನ್ನಿಸುವ ಹೊತ್ತಿಗೆ ಗೋಡೆಯಲ್ಲಿ ಕಿಟಕಿ ಕೂರಬೇಕಾದ ಆರೆಂಟು ಚೌಕ ಖಾಲಿಗಳು ಉಳಿದಿರುತ್ತವೆ. ಏಪ್ರಿಲ್‌ನಲ್ಲಿ ಅವು ಎಷ್ಟು ಚಂದ! ತೋಟದ ಗಾಳಿ ಕೇಳದೆ ಒಳಗೆ ಬಂದು ಹೋಗುತ್ತದೆ, ಸಿಲ್ವರ್ ಓಕ್ ಮರಗಳ ನಡುವೆ ಬೆಟ್ಟ ಕಾಣುತ್ತದೆ, ಹೀಗೇ ಬಿಟ್ಟರೇನು ಅನ್ನಿಸುತ್ತದೆ. ಜೂನ್ ಮೊದಲ ವಾರ ಅದೇ ಖಾಲಿಯೊಳಗೆ ಮಳೆ ಅಡ್ಡಡ್ಡ ನುಗ್ಗುತ್ತದೆ. ಮಳೆ ಮೇಲಿಂದ ಬೀಳುತ್ತದೆ ಎನ್ನುವುದು ಬಯಲುಸೀಮೆಯವರ ನಂಬಿಕೆ. ಕೊಡಗಿನಲ್ಲಿ ಅದು ಪಕ್ಕದಿಂದ ಬರುತ್ತದೆ. ಕಣಿವೆಯ ಗಾಳಿಗೆ ಸಿಕ್ಕಿದರೆ ಕೆಳಗಿನಿಂದಲೂ ಬರುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಇಲ್ಲ. ಅಂಗಡಿಯವರು ಮಾತ್ರ ಎರಡೂ ಕಡೆಗೆ ಒಂದೇ ಕಿಟಕಿ ಮಾರುತ್ತಾರೆ. ಕುಶಾಲನಗರದಲ್ಲಿ ಹತ್ತು ವರ್ಷ ತೊಂದರೆ ಕೊಡದ ಸ್ಲೈಡಿಂಗ್ ಕಿಟಕಿ ಮಡಿಕೇರಿಯ ಪಡುವಣ ಗೋಡೆಯಲ್ಲಿ ಮೊದಲ ಆರಿದ್ರಾ ಮಳೆಗೇ ಬಣ್ಣ ಬಯಲು ಮಾಡುತ್ತದೆ. ಸ್ವಂತ ಕೈಯಿಂದ ಪುಟ್ಟ ಮನೆ ಕಟ್ಟಿಕೊಳ್ಳುವವರು ಎಲ್ಲ ಕಿಟಕಿಗೂ ಒಂದೇ ತಲೆಬಿಸಿ ಮಾಡಿಕೊಳ್ಳಬೇಕಾಗಿಲ್ಲ. ಪಡುವಣ ಮತ್ತು ನೈಋತ್ಯಕ್ಕೆ ಮುಖ ಮಾಡಿದ ಕಿಟಕಿಗಳನ್ನು ಗೆದ್ದರೆ ಉಳಿದವು ಹೇಗೋ ನಡೆಯುತ್ತವೆ.

ಹಳೆಯ ಐನ್‌ಮನೆಗಳಲ್ಲಿ, ಅಂದರೆ ಕೊಡವರ ಮೂಲಮನೆಗಳಲ್ಲಿ, ಕಿಟಕಿ ಸಣ್ಣವು, ಮರದವು, ಆದರೂ ಕೊಳೆಯದೆ ನಿಂತಿವೆ. ಅದರ ಶ್ರೇಯಸ್ಸು ಕಿಟಕಿಯದ್ದಲ್ಲ, ಮಾಡಿನದ್ದು. ಕೈಯಾಲೆಯ (ಮುಂದಿನ ಜಗಲಿಯ) ಮೇಲೆ ಸೂರು ಅಷ್ಟು ತಗ್ಗಿ ಬಂದಿರುವಾಗ ಎರಚಲು ಜಗಲಿಯಂಚಿನ ಕೂರುವ ಹಲಗೆ, ಐಮರದವರೆಗೆ ಬಂದು ಅಲ್ಲಿಂದಲೇ ವಾಪಸಾಗುತ್ತದೆ. ಈಗ ಮನೆಯ ಎಲಿವೇಶನ್ ಮೊಬೈಲಿನಲ್ಲಿ ಬರುತ್ತದೆ: ಸೋಪಿನ ಡಬ್ಬಿಯ ಹಾಗೆ ನುಣುಪು, ಕಿಟಕಿಯ ತಲೆಯ ಮೇಲೆ ಚಾಚುವ ಸಜ್ಜ ಇದ್ದೂ ಇಲ್ಲದ ಹಾಗೆ. ನಾಲ್ಕಡಿ ಎತ್ತರದ ಕಿಟಕಿಗೆ ಎರಡಡಿ ಸಜ್ಜ ಬೇಕು, ಪಡುವಣಕ್ಕೆ ಎರಡೂವರೆ. ಎರಡು ಪಕ್ಕದಲ್ಲೂ ಕಿಟಕಿಗಿಂತ ಮುಕ್ಕಾಲು ಅಡಿ ಹೊರಗೆ ಚಾಚಿರಬೇಕು. ಅದಕ್ಕಿಂತ ಮುಖ್ಯವಾದದ್ದು ಸಜ್ಜದ ಅಡಿಯಲ್ಲಿ, ಅಂಚಿನಿಂದ ಒಂದಂಗುಲ ಒಳಗೆ, ಉದ್ದಕ್ಕೂ ಓಡುವ ಅರ್ಧ ಅಂಗುಲದ ಗೀರು. ಕಾಂಕ್ರೀಟಿನ ಅಚ್ಚಾದ ಸೆಂಟ್ರಿಂಗ್ ಹಲಗೆಗೆ ಒಂದು ಮರದ ಪಟ್ಟಿ ಹೊಡೆದು ಕಾಂಕ್ರೀಟ್ ಹಾಕಿದರೆ ಗೀರು ತಾನಾಗಿ ಮೂಡುತ್ತದೆ, ಖರ್ಚು ಸೊನ್ನೆ. ನೀರಿಗೆ ಅಂಟಿಕೊಂಡು ನಡೆಯುವ ಚಟವಿದೆ. ಗೀರಿಲ್ಲದಿದ್ದರೆ ಅದು ಸಜ್ಜದ ಹೊಟ್ಟೆ ಹಿಡಿದುಕೊಂಡೇ ಹಿಂದಕ್ಕೆ ಬಂದು ಚೌಕಟ್ಟಿನ ನೆತ್ತಿಗೆ ಇಳಿಯುತ್ತದೆ. ಗೀರು ಸಿಕ್ಕಿದಲ್ಲಿ ಕಾಲು ಜಾರಿ ಕೆಳಗೆ ಬೀಳುತ್ತದೆ.

ಇನ್ನು ಮರವೋ ಯುಪಿವಿಸಿಯೋ (ಗಟ್ಟಿ ಪ್ಲಾಸ್ಟಿಕ್) ಎಂಬ ಚರ್ಚೆ. ಮರವಾದರೆ ಹಲಸು ಅಥವಾ ಹೆಬ್ಬಲಸು. ತೇಗ, ಬೀಟೆ ತೋಟದಲ್ಲೇ ಇದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಕಾಗದ ಓಡಾಡುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ. ಸಿಲ್ವರ್ ಓಕ್ ಕೈಗೆ ಸುಲಭವಾಗಿ ಸಿಗುತ್ತದೆ, ಹೊರಗೋಡೆಯ ಚೌಕಟ್ಟಿಗೆ ಅದು ಬೇಡ; ತೇವಕ್ಕೆ ತಾಳುವುದಿಲ್ಲ, ಹುಳು ಬೀಳುತ್ತದೆ. ಹಲಸಾದರೂ ಕೊಯ್ದು ನೆರಳಲ್ಲಿ ಪಟ್ಟಿ ಕೊಟ್ಟು ಜೋಡಿಸಿಟ್ಟು, ಒಂದಂಗುಲ ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ಒಣಗಿರಬೇಕು. ಮಾರ್ಚ್‌ನಲ್ಲಿ ಕೊಯ್ದ ಮರಕ್ಕೆ ಏಪ್ರಿಲ್‌ನಲ್ಲಿ ಉಳಿ ಇಟ್ಟರೆ ಆಚಾರಿಯ ತಪ್ಪಿಲ್ಲದೆಯೇ ಕಿಟಕಿ ಸೊಟ್ಟಗಾಗುತ್ತದೆ. ಇದಕ್ಕೆಲ್ಲ ಒಳ್ಳೆಯ ಉಪಾಯ ಹಳೆ ಮನೆ ಬಿಚ್ಚಿದ ಕಿಟಕಿ. ಆ ಮರ ಸೊಟ್ಟಗಾಗಬೇಕಾದದ್ದೆಲ್ಲ ಆಗಿ ಮುಗಿದಿರುತ್ತದೆ. ಕಿಟಕಿ ತಂದು ಅಂಗಳದಲ್ಲಿ ಇಟ್ಟು ಆಮೇಲೆ ಗೋಡೆ ಎಬ್ಬಿಸಬೇಕು, ಅಷ್ಟೆ. ಗೋಡೆ ಎಬ್ಬಿಸಿ ಅದಕ್ಕೆ ಸರಿಯಾದ ಹಳೆ ಕಿಟಕಿ ಹುಡುಕುವುದೆಂದರೆ ಜಾತಕ ಹೊಂದಿಸಿದ ಹಾಗೆ.

ಮರದ ಚೌಕಟ್ಟು ನಾಲ್ಕಂಗುಲಕ್ಕೆ ಎರಡೂವರೆ ಇರಲಿ. ಗೋಡೆಗೆ ತಾಗುವ ನಾಲ್ಕೂ ಮೈಗೆ, ತಳಕ್ಕೂ ಸೇರಿಸಿ, ಟಾರು ಬಳಿಯಬೇಕು. ಪಕ್ಕಕ್ಕೆ ಮೂರರಂತೆ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ), ಅವಕ್ಕೂ ಸರಳುಗಳಿಗೂ ಮೊದಲೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ. ಸರಳುಗಳ ತುದಿ ಮರದೊಳಗೆ ಹೋದ ಮೇಲೆ ಬ್ರಷ್ ತಲುಪುವುದಿಲ್ಲ, ತುಕ್ಕು ತಲುಪುತ್ತದೆ. ಸರಳು 12 ಮಿ.ಮೀ., ನಡುವೆ ನಾಲ್ಕಂಗುಲ ಅಂತರ: ಕಳ್ಳನಿಗೂ ಮಂಗನಿಗೂ ಇಷ್ಟು ಸಾಕು. ಒಳಗೆ ಹಲಸಿನ ಹಣ್ಣು ಇಟ್ಟುಕೊಂಡು ಆನೆಯನ್ನು ತಡೆಯುವ ಗ್ರಿಲ್ ಕೇಳಬೇಡಿ.

ಯುಪಿವಿಸಿ ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ಕಿಟಕಿಗಂಡಿಯ ಒಳಬದಿಗೆ ಗಾರೆ ಮುಗಿಸಿರಬೇಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಎತ್ತರವನ್ನೂ ಹಾಗೆಯೇ ಮೂರು ಕಡೆ. ಮೂರರಲ್ಲಿ ಚಿಕ್ಕದ್ದೇ ಅಳತೆ. ಅದರಿಂದ 20 ಮಿ.ಮೀ. ಕಳೆದು ಕಿಟಕಿಗೆ ಆರ್ಡರ್ ಕೊಡಿ, ಅಂದರೆ ಸುತ್ತಲೂ 10 ಮಿ.ಮೀ. ಸಂದು. ಪಡುವಣಕ್ಕೆ ಹೊರಗೆ ತೆರೆಯುವ ರೆಕ್ಕೆ ಬಾಗಿಲೇ ಆಗಬೇಕು. ಚಿಲಕ ತಿರುಗಿಸಿದಾಗ ಅದು ರಬ್ಬರಿಗೆ ಒತ್ತಿಕೊಂಡು ಕೂರುತ್ತದೆ, ಗಾಳಿ ಹೊಡೆದಷ್ಟೂ ಬಿಗಿಯಾಗುತ್ತದೆ. ಸ್ಲೈಡಿಂಗ್‌ನಲ್ಲಿರುವುದು ಬರೀ ಬ್ರಷ್ಷಿನಂಥ ಪಟ್ಟಿ. ದೂಳಿಗೆ ಅದು ಸರಿ, ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ಕೊಡವ ತಿಂಗಳ) ಗಾಳಿಗೆ ಮೀಸೆ ಇದ್ದ ಹಾಗೆ.

ಚೌಕಟ್ಟನ್ನು ಗಂಡಿಯಲ್ಲಿ ನಿಲ್ಲಿಸಿ ಮರದ ಬೆಣೆ ಕೊಟ್ಟು, ರಸಮಟ್ಟದಲ್ಲಿ ಅಡ್ಡ ನೋಡಿ, ತೂಗುಗುಂಡಿನಲ್ಲಿ ನೆಟ್ಟಗೆ ನೋಡಿ. ಇಷ್ಟಾದರೂ ಚೌಕಟ್ಟು ಓರೆಯಾಗಿರಬಹುದು, ಆದ್ದರಿಂದ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಬೇಕು. 1200 ಮಿ.ಮೀ. ಚೌಕದ ಕಿಟಕಿಗೆ ಎರಡು ಕರ್ಣವೂ 1697 ಬರಬೇಕು. ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೆಣೆ ಬಿಚ್ಚಿ ಮತ್ತೆ ಶುರು ಮಾಡಿ. ಆಂಕರ್ ಸ್ಕ್ರೂ ಮೂಲೆಯಿಂದ 150 ಮಿ.ಮೀ. ಬಿಟ್ಟು ಮೊದಲನೆಯದು, ಆಮೇಲೆ 600ಕ್ಕಿಂತ ದೂರ ಬೇಡ. ಕೆಳಗಿನ ಪಟ್ಟಿಗೆ ಮಾತ್ರ ಡ್ರಿಲ್ ಇಡಬೇಡಿ. ನೀರು ನಿಲ್ಲುವ ಜಾಗದಲ್ಲಿ ನಾವೇ ತೂತು ಕೊರೆದು, ಆಮೇಲೆ ಗೋಡೆ ಯಾಕೆ ಒದ್ದೆ ಎಂದು ತಲೆ ಕೆರೆದುಕೊಳ್ಳುವುದಕ್ಕಿಂತ ಅಲ್ಲಿಗೆ ಪಕ್ಕದಿಂದ ಕ್ಲಿಪ್ ಹಾಕುವುದು ವಾಸಿ. ಡ್ರಿಲ್ ಕೆಲಸವೆಲ್ಲ ಮೇ ಮೊದಲಲ್ಲೇ ಮುಗಿಯಲಿ. ಗುಡುಗು ಶುರುವಾದ ಮೇಲೆ ಕರೆಂಟಿನ ಭರವಸೆ ಯಾರೂ ಕೊಡುವುದಿಲ್ಲ.

ಈಗ ಕಿಟಕಿಯ ಕಾಲಬುಡಕ್ಕೆ ಬರೋಣ. ಸೋರುವ ಕಿಟಕಿಗಳ ಗುಟ್ಟು ಹೆಚ್ಚಾಗಿ ಇಲ್ಲೇ ಇರುತ್ತದೆ. ಕಿಟಕಿಯ ಕೆಳಗಿನ ಗ್ರಾನೈಟ್ ಹಲಗೆಯನ್ನು ಮೇಸ್ತ್ರಿ ಅಭಿಮಾನದಿಂದ ಮಟ್ಟವಾಗಿ ಕೂರಿಸಿರುತ್ತಾನೆ. ರಸಮಟ್ಟದ ಗುಳ್ಳೆ ಒಂದು ಕೂದಲೂ ಅಲುಗದಷ್ಟು ಮಟ್ಟ. ಒಳಗಿನ ಕಟ್ಟೆಗೆ ಅದು ಸರಿ, ಹೊರಗಿನದ್ದಕ್ಕೆ ಅದೇ ಶಾಪ. ಹೊರಗಲ್ಲು ಆರಂಗುಲಕ್ಕೆ ಅರ್ಧ ಅಂಗುಲದಷ್ಟು ಹೊರಕ್ಕೆ ಇಳಿಜಾರಾಗಿರಬೇಕು, ಗಾರೆಯ ಮುಖದಿಂದ ಒಂದೂವರೆ ಅಂಗುಲ ಮುಂದೆ ಚಾಚಿರಬೇಕು, ಚಾಚಿದ ಭಾಗದ ಅಡಿಯಲ್ಲಿ ಸಜ್ಜಕ್ಕೆ ಇದ್ದಂಥದೇ ಗೀರು. ಕಲ್ಲು ಕೊಯ್ಯುವವರಿಗೆ ಹೇಳಿದರೆ ಕಟರಿನಲ್ಲಿ ಎರಡು ನಿಮಿಷದ ಕೆಲಸ, ಹೇಳದಿದ್ದರೆ ಯಾರೂ ಮಾಡುವುದಿಲ್ಲ. ಕಲ್ಲಿನ ಎರಡು ತುದಿಯೂ ಪಕ್ಕದ ಗಾರೆಯೊಳಗೆ ಒಂದಂಗುಲ ಹೂತಿರಲಿ. ಸರಿಯಾಗಿ ಗಂಡಿಯ ಅಳತೆಗೇ ಕೊಯ್ದ ಕಲ್ಲಾದರೆ ನೀರು ತುದಿಯಲ್ಲಿ ನುಸುಳಿ, ಕಿಟಕಿಯ ಕೆಳಗಿನ ಎರಡು ಮೂಲೆಯಿಂದ ಮೀಸೆ ಇಳಿಬಿಟ್ಟಂತೆ ಗೋಡೆಯ ಮೇಲೆ ಕರೆ ಮೂಡಿಸುತ್ತದೆ. ಮಡಿಕೇರಿಯ ಯಾವ ಬೀದಿಯಲ್ಲಿ ನಡೆದರೂ ಈ ಮೀಸೆಗಳು ಕಾಣಸಿಗುತ್ತವೆ.

ಕಿಟಕಿಯ ಸುತ್ತ ನೀರು ತಡೆಯುವ ಕೆಲಸದ ಕ್ರಮ ಹೆಂಚು ಹೊದಿಸುವ ಕ್ರಮವೇ: ಕೆಳಗಿನದ್ದು ಮೊದಲು, ಪಕ್ಕದ್ದು ಆಮೇಲೆ, ತಲೆಯದ್ದು ಕೊನೆಗೆ, ಮೇಲಿನದ್ದು ಕೆಳಗಿನದ್ದರ ಮೇಲೆ ಬರುವಂತೆ. ಮಳೆಯನ್ನು ಪೂರ್ತಿ ತಡೆಯುತ್ತೇನೆಂದು ಹಟ ಹಿಡಿದ ಕಿಟಕಿಯೇ ಸೋರುವುದು. ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ ಎಂದು ಒಪ್ಪಿಕೊಂಡು, ಬಂದದ್ದಕ್ಕೆ ಹೊರದಾರಿ ಇಟ್ಟ ಕಿಟಕಿ ಸೋರುವುದಿಲ್ಲ. ಯುಪಿವಿಸಿ, ಅಲ್ಯುಮಿನಿಯಂ ಚೌಕಟ್ಟಿನ ಕೆಳಪಟ್ಟಿಯಲ್ಲಿ ಹೊರಮುಖಕ್ಕೆ ಸಣ್ಣ ಸಣ್ಣ ಗಂಡಿಗಳಿರುತ್ತವೆ. ಅವು ಆ ಹೊರದಾರಿ. ಗಾರೆಯವರ ಕಣ್ಣಿಗೆ ಅವು ಕಂಪನಿಯವರು ಮುಚ್ಚಲು ಮರೆತ ತೂತುಗಳು; ಕರಣೆಯಲ್ಲಿ ಚೂರು ಸಿಮೆಂಟು ಮೆತ್ತಿ ಉಪಕಾರ ಮಾಡಿಬಿಡುತ್ತಾರೆ. ಕೆಲಸ ಮುಗಿದ ದಿನ ಒಂದು ಚೊಂಬು ನೀರನ್ನು ಒಳಗಿನಿಂದ ಆ ಪಟ್ಟಿಗೆ ಸುರಿಯಿರಿ. ಅರೆಕ್ಷಣ ನಿಂತು, ಗುಳುಗುಳು ಅಂದು, ಹೊರಗೆ ಎರಡು ಎಳೆಯಾಗಿ ಬಿದ್ದರೆ ಸರಿ. ನೀರು ಸುಮ್ಮನೆ ನಿಂತು ನಿಮ್ಮ ಮುಖವನ್ನೇ ತೋರಿಸಿದರೆ ಒಂದು ತಂತಿ ತಂದು ಕೂರಿ.

ಸುತ್ತಲ ಸಂದಿಗೆ ಫೋಮ್. ಅದನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿಸಿ ನಿಲ್ಲಿಸಬೇಕು, ಮಿಕ್ಕದ್ದನ್ನು ಅದೇ ಉಬ್ಬಿ ತುಂಬಿಕೊಳ್ಳುತ್ತದೆ. ದುಡ್ಡು ಕೊಟ್ಟಿದ್ದೇವೆಂದು ಡಬ್ಬಿ ಖಾಲಿಯಾಗುವವರೆಗೆ ಒತ್ತಿದರೆ ಚೌಕಟ್ಟೇ ಒಳಕ್ಕೆ ಬಾಗಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಫೋಮ್ ನೀರು ತಡೆಯುವುದಿಲ್ಲ, ಬಿಸಿಲಿಗೆ ಪುಡಿಯಾಗುತ್ತದೆ; ಅದರ ಮೇಲೆ ಸಂದು ಮುಚ್ಚುವ ಸಿಲಿಕಾನ್ ಅಂಟು ಬೇಕೇ ಬೇಕು. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಸಿಲಿಕಾನ್ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಕಲ್ಲಿಗೆ ಕಲೆ ಮಾಡುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತನ್ನಿ. 280 ಮಿಲಿಯ ಟ್ಯೂಬು 6 ಮಿ.ಮೀ. ಗೆರೆಗೆ ಏಳೆಂಟು ಮೀಟರ್ ಬರುತ್ತದೆ. ನಾಲ್ಕಡಿ ಕಿಟಕಿಯ ಸುತ್ತಳತೆ ಐದು ಮೀಟರಿಗೆ ಚೂರು ಕಡಿಮೆ. ಒಳಗೂ ಹೊರಗೂ ಎಳೆಯಲು ನಾಲ್ಕು ಕಿಟಕಿಗೆ ಐದು ಟ್ಯೂಬು; ಕೈ ನಡುಗುವವರಿಗೆ ಆರು.

ಸಿಲಿಕಾನ್‌ಗೆ ಒಂದೇ ಷರತ್ತು: ಮೈ ಒಣಗಿರಬೇಕು. ಗಡುವು ಇರುವುದು ಇದಕ್ಕಾಗಿ. ಗಾರೆಗೆ ಏಳು ದಿನ ನೀರು ಹಾಕಬೇಕು, ಆಮೇಲೆ ಮೂರು ವಾರ ಒಣಗಲು ಬಿಡಬೇಕು. ಯುಗಾದಿಯ ಹೊತ್ತಿಗೆ ಗಾರೆ ಮುಗಿದರೆ ಏಪ್ರಿಲ್ ಕೊನೆಗೆ ಕಿಟಕಿ ಕೂರುತ್ತದೆ, ಮೇ 11ರ ಸುಮಾರಿಗೆ ಕೃತ್ತಿಕೆ ಹುಟ್ಟುವಾಗ ಸಿಲಿಕಾನ್ ಗಟ್ಟಿಯಾಗಿರುತ್ತದೆ, ಮೃಗಶಿರ ಬಂದು ಬಾಗಿಲು ತಟ್ಟಿದಾಗ ಎದ್ದು ಹೋಗಬೇಕಾಗಿಲ್ಲ. ತಡವಾದವರಿಗೆ ಮೇಸ್ತ್ರಿಗಳ ಸಮಾಧಾನ ಸಿದ್ಧವಾಗಿರುತ್ತದೆ: “ಏನೂ ಆಗಲ್ಲಣ್ಣ, ಮಳೇಲೇ ಎಳೆದ್ಬಿಡುವ.” ಒದ್ದೆ ಗೋಡೆಗೆ ಎಳೆದ ಸಿಲಿಕಾನ್ ಆಗಸ್ಟ್‌ನಲ್ಲಿ ನೂಡಲ್ಸಿನ ಹಾಗೆ ಇಡಿಯಾಗಿ ಕಿತ್ತು ಬರುತ್ತದೆ. ಅದಕ್ಕಿಂತ ಆ ವರ್ಷಕ್ಕೆ ಟಾರ್ಪಲ್ ಕಟ್ಟುವುದು ಮರ್ಯಾದೆ. ಕಟ್ಟುವುದಾದರೆ ಸಜ್ಜದ ಮೇಲಿನಿಂದ ಹೊರಗೆ ಇಳಿಬಿಟ್ಟು ಕೆಳಗಿನ ಅಂಚಿಗೆ ಬಿದಿರಿನ ಭಾರ ಕಟ್ಟಿ. ಚೌಕಟ್ಟಿಗೆ ಸುತ್ತ ಮೊಳೆ ಹೊಡೆದರೆ ಅದು ರಾತ್ರಿಯಿಡೀ ಡೋಲು ಬಾರಿಸಿ, ಬೆಳಗಾಗುವಷ್ಟರಲ್ಲಿ ಹೊಟ್ಟೆಯಲ್ಲಿ ಒಂದು ಕೊಡ ನೀರು ಹಿಡಿದುಕೊಂಡು ಕೂತಿರುತ್ತದೆ.

ಪರೀಕ್ಷೆಗೆ ಮಳೆಯನ್ನೇ ಕಾಯಬೇಕಾಗಿಲ್ಲ. ತೋಟದ ಮನೆಗಳಲ್ಲಿ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಪಂಪು ಇದ್ದೇ ಇರುತ್ತದೆ. ಅದನ್ನು ಚೆನ್ನಾಗಿ ತೊಳೆದು, ಇಲ್ಲದಿದ್ದರೆ ಹೊಸ ಗೋಡೆ ನೀಲಿಯಾಗುತ್ತದೆ, ಬರೀ ನೀರು ತುಂಬಿ ಪಡುವಣ ಕಿಟಕಿಗೆ ಓರೆಯಾಗಿ ಹೊಡೆಯಿರಿ. ಕೆಳಗಿನ ಕಲ್ಲಿನಿಂದ ಶುರುಮಾಡಿ ಐದೈದು ನಿಮಿಷಕ್ಕೆ ಒಂದೊಂದು ಅಡಿ ಮೇಲೇರಬೇಕು; ಮೇಲಿನಿಂದ ಹೊಡೆದರೆ ಎಲ್ಲ ಕಡೆಯೂ ಒದ್ದೆಯಾಗಿ ಸೋರಿದ್ದು ಎಲ್ಲಿಂದ ಎಂದು ತಿಳಿಯುವುದೇ ಇಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ.

ಎಲ್ಲ ಬಿಗಿಯಾದರೆ ಇನ್ನೊಂದು ತಾಪತ್ರಯ. ಮೂರು ತಿಂಗಳು ಮುಚ್ಚಿದ ಕೋಣೆಯಲ್ಲಿ ಬೂಷ್ಟು ಹಿಡಿಯುತ್ತದೆ: ಮೊದಲು ಚಪ್ಪಲಿಗೆ, ಆಮೇಲೆ ಬೆಲ್ಟಿಗೆ, ಕೊನೆಗೆ ಮದುವೆಯ ಕೋಟಿಗೆ. ಪ್ರತಿ ಕೋಣೆಗೂ ಸಜ್ಜದ ಮರೆಯಲ್ಲಿ ಓರೆಪಟ್ಟಿಯ ವೆಂಟಿಲೇಟರ್ ಒಂದು ಇರಲಿ, ಅದನ್ನು ಎಂದೂ ಮುಚ್ಚಬಾರದು.

ಮರದ ಬಾಗಿಲಿಗೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಕೀಲು, ನಾಲ್ಕಡಿಗೆ ಮೂರು. ಸ್ಕ್ರೂ ಕೂಡ ಅದೇ ಲೋಹದ್ದಾಗಲಿ, ಕಬ್ಬಿಣದ್ದು ಹಾಕಿದರೆ ಸುತ್ತ ಮರ ಕಪ್ಪಾಗುತ್ತದೆ. ಮೇ ತಿಂಗಳಲ್ಲಿ ಕೂರಿಸುವಾಗ ಸುತ್ತಲೂ ಒಂದು ಬೆಂಕಿಕಡ್ಡಿ ಆಡುವಷ್ಟು ಸಂದು ಬಿಡಿ. ಜುಲೈಯಲ್ಲಿ ಮರ ನೀರು ಕುಡಿದು ಆ ಸಂದನ್ನು ತಿಂದುಹಾಕುತ್ತದೆ. ಆದರೂ ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸ ಕುದಿಯುವ ಹೊತ್ತಿಗೆ ಅಡುಗೆಮನೆಯ ಕಿಟಕಿ ಮುಷ್ಕರ ಹೂಡಬಹುದು. ಆಗ ಅಂಚಿಗೆ ಮೇಣದಬತ್ತಿ ಉಜ್ಜಿ, ಅಂಗೈಯಲ್ಲಿ ಗುದ್ದಿ ತೆರೆದುಕೊಳ್ಳಿ. ಕೀಸುಳಿ ಮಾತ್ರ ಮುಟ್ಟಬೇಡಿ. ಮಳೆಗಾಲದಲ್ಲಿ ಕೀಸಿದ ಕಿಟಕಿಯ ಸಂದಿನಲ್ಲಿ ಫೆಬ್ರವರಿಗೆ ಕಿರುಬೆರಳು ಹೋಗುತ್ತದೆ.