ಚೈನಿಗೊಂದು ಎಣ್ಣೆ, ಹಬ್‌ಗೊಂದು ಗ್ರೀಸು

ನೆದರ್ಲೆಂಡ್ಸಿನ ಉಟ್ರೆಕ್ಟಿನ ಸೈಕಲ್ ಅಂಗಡಿಯಲ್ಲಿ ಚೈನಿಗೆ ಎಣ್ಣೆ ಕೊಡಿ ಅಂದರೆ ಕೌಂಟರಿನ ಹುಡುಗಿ ಕೊಡಲಿಲ್ಲ, ವಿಚಾರಣೆಗೆ ನಿಂತಳು. ಮಳೆಯಲ್ಲೂ ಓಡಿಸುತ್ತೀರಾ? ರಾತ್ರಿ ಸೈಕಲ್ ಹೊರಗೇ ಇರುತ್ತದಾ? ಚೈನ್ ಕವರ್ ಇದೆಯಾ? ಮೊದಲು ರೇಗಿತು, ಆಮೇಲೆ ಹೊಟ್ಟೆಕಿಚ್ಚಾಯಿತು. ಚಿತ್ರದುರ್ಗದಲ್ಲಿ ಸೈಕಲ್ ತುಳಿದೇ ಬೆಳೆದವನಿಗೆ ಊರಲ್ಲಿ ಒಬ್ಬನಾದರೂ ಈ ಪ್ರಶ್ನೆ ಕೇಳಿದ್ದುಂಟೇ?

ನಮ್ಮಲ್ಲಿ ಎಣ್ಣೆ ಅಂದರೆ ಕೈಗೆ ಸಿಕ್ಕಿದ್ದು. ಮನೆಯಲ್ಲಾದರೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಇಲ್ಲವೇ ಹೊಲಿಗೆ ಮೆಷಿನ್ನಿನದು. ಅಂಗಡಿಯಲ್ಲಾದರೆ ಲಾರಿ ಗ್ಯಾರೇಜಿನಿಂದ ತಂದಿಟ್ಟ ಸುಟ್ಟ ಆಯಿಲ್ಲು. ಆಯುಧಪೂಜೆಗೆ ಸೈಕಲ್ ತೊಳೆದು, ಚೈನಿಂದ ತೊಟ್ಟಿಕ್ಕುವಷ್ಟು ಸುರಿದು, ಕುಂಕುಮವಿಟ್ಟು ನಿಂಬೆಹಣ್ಣು ಹತ್ತಿಸಿದರೆ ಮುಂದಿನ ಮಹಾನವಮಿಯವರೆಗೆ ಚಿಂತೆಯಿಲ್ಲ. ನರಕಚತುರ್ದಶಿಯ ಅಭ್ಯಂಜನವೇ ಅದು, ಸೀಗೆಪುಡಿ ಒಂದು ಬಿಟ್ಟು.

ಎಡವಟ್ಟಾಗುವುದೇ ಆ ಸೀಗೆಪುಡಿ ಇಲ್ಲದ್ದರಿಂದ. ಚೈನಿಗೆ ಎಣ್ಣೆ ಬೇಕಾದದ್ದು ಒಳಗೆ, ಕೊಂಡಿ ಹಿಡಿದಿರುವ ಪಿನ್ನಿಗೂ ಅದರ ಸುತ್ತ ತಿರುಗುವ ರೋಲರಿಗೂ ನಡುವೆ. ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಚೈನು ಸುತ್ತಿಸಿ, ಇಳಿಯಲು ಹೊತ್ತು ಕೊಟ್ಟು, ಹೊರಗೆ ಉಳಿದದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಬೇಕು. ಒರೆಸದಿದ್ದರೆ ದುರ್ಗದ ಗಾಳಿಗೆ ಏಳುವ ಧೂಳೆಲ್ಲ ಅದಕ್ಕಂಟಿ ಚೈನನ್ನೂ ಅದು ಸುತ್ತುವ ಹಲ್ಲುಚಕ್ರವನ್ನೂ ಉಜ್ಜಿ ಸವೆಸುತ್ತದೆ. ಸುಟ್ಟ ಆಯಿಲ್ಲಿನಲ್ಲಂತೂ ಇಂಜಿನ್ನಿನ ಮಸಿ, ಲೋಹದ ಪುಡಿ ಮೊದಲೇ ಸೇರಿರುತ್ತದೆ.

ಒಣ ಸೀಮೆಗೆ ಸರಿಹೋಗುವುದು ಡ್ರೈ ಲ್ಯೂಬ್ ಅನ್ನುವ ಚೈನೆಣ್ಣೆ. ಅದರಲ್ಲಿ ಸಾಮಾನ್ಯವಾಗಿ ಮೇಣ ಇರುತ್ತದೆ, ಆರಿದ ಮೇಲೆ ಧೂಳು ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಮಳೆಗೆ ಬೇಗ ತೊಳೆದುಹೋಗುತ್ತದೆ, ಹಾಗಾಗಿ ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ಜಿಗುಟಾದ ವೆಟ್ ಲ್ಯೂಬೇ ಬೇಕು. ದುರ್ಗಕ್ಕೂ ಆಗುಂಬೆಗೂ ಒಂದೇ ಡಬ್ಬಿ ಅಂದರೆ ಹೇಗೆ ಸ್ವಾಮಿ? ಉಟ್ರೆಕ್ಟಿನಲ್ಲಿ ಯಾವ ತಿಂಗಳೂ ಮಳೆ ಬಿಟ್ಟದ್ದಿಲ್ಲ, ಚಳಿಗಾಲದಲ್ಲಿ ಮಂಜು ಕಟ್ಟದಿರಲೆಂದು ರಸ್ತೆಗೆ ಉಪ್ಪು ಬೇರೆ ಚೆಲ್ಲುತ್ತಾರೆ. ಕೌಂಟರಿನ ಹುಡುಗಿ ನನಗೂ ಜಿಗುಟಿನದನ್ನೇ ಕೊಟ್ಟಳು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಇಲ್ಲಿ ವರ್ಷದ ಬಹುಪಾಲು ಬಾಟಲಿಯಿಂದಲೇ ಇಳಿಯುವುದಿಲ್ಲ.

ಹೊಸ ತಲೆಮಾರು ಬದಲಾಗಿದೆ ಅನ್ನುತ್ತಾರೆ. ಅಣ್ಣನ ಮಗ ತನ್ನ ಗೇರ್ ಸೈಕಲ್ಲಿನ ಚೈನಿಗೆ ಡಬ್ಲ್ಯುಡಿ-40 ಅನ್ನುವ ಸ್ಪ್ರೇ ಊದಿ, "ಚಿಕ್ಕಪ್ಪ, ಇದು ಅಮೆರಿಕದ್ದು" ಅಂದ. ಅಮೆರಿಕದ್ದೇನೋ ಹೌದು, 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಹೊರದಬ್ಬಿ ತುಕ್ಕು ತಡೆಯಲೆಂದು ಮಾಡಿದ್ದು. ಕಚ್ಚಿಕೊಂಡ ನಟ್ಟು ಬಿಡಿಸಲು ಬಲು ಚೆನ್ನ. ಆದರೆ ಬಹುಪಾಲು ಆರಿಹೋಗುವ ದ್ರಾವಕವಾದ್ದರಿಂದ ಚೈನಿನಲ್ಲಿ ಹೆಚ್ಚು ದಿನ ನಿಲ್ಲುವ ಎಣ್ಣೆ ಅದಲ್ಲ. ಹೇಳಿದೆ. ಕಾಲೇಜಿಗೆ ಹೊತ್ತಾಯಿತೆಂದು ಹೊರಟುಹೋದ.

ಇಷ್ಟು ಹೊಗಳಿದ ಮೇಲೆ ಇಲ್ಲಿಯವರದೂ ಒಂದು ಹೇಳಿಬಿಡುತ್ತೇನೆ. ರೈಲ್ವೆ ಸ್ಟೇಷನ್ ಕೆಳಗೆ 12,500 ಸೈಕಲ್ ಹಿಡಿಸುವ ನಿಲ್ದಾಣವಿದೆ, ಬೆಳಿಗ್ಗೆ ಹೋದರೆ ತುಕ್ಕು ಹಿಡಿದ ಚೈನುಗಳ ಕಿರ್ ಕಿರ್ ಸದ್ದು ಬೇಕಾದಷ್ಟು ಕೇಳುತ್ತದೆ. ಅಂಗಡಿಯ ಶೆಲ್ಫ್ ತುಂಬಾ ಬಾಟಲಿಗಳಿದ್ದರೇನು, ಹನಿ ಬಿಡುವವರು ಬೇಕಲ್ಲ. ನನ್ನ ಮುಂದಿನ ಚಕ್ರದ ನಡುವಿನ ಹಬ್ ಕಟಕಟ ಅಂದಾಗ ಇಲ್ಲೇ ಇನ್ನೊಂದು ಅಂಗಡಿಯವರು ಬಿಚ್ಚಿಯೂ ನೋಡದೆ, ಕೂಲಿಗಿಂತ ಹೊಸ ಚಕ್ರವೇ ಅಗ್ಗ ಅಂದರು.

ನಮ್ಮ ಬೀದಿಯ ಸೈಕಲ್ ಶಾಪಿನ ಅಣ್ಣ ಆ ಮಾತು ಆಡುತ್ತಿರಲಿಲ್ಲ. ಓವರಾಯಿಲ್ಲಿಗೆ, ಅಂದರೆ ಪೂರ್ತಿ ಸರ್ವೀಸಿಗೆ, ಬಿಟ್ಟರೆ ಹಬ್ ಬಿಚ್ಚಿ, ಒಳಗಿನ ಬೇರಿಂಗ್ ಬಾಲ್ಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪೇಪರಿನ ಮೇಲೆ ಹರಡಿ, ಸವೆದದ್ದನ್ನು ಬೆರಳಲ್ಲೇ ಹುಡುಕಿ ಎಸೆಯುತ್ತಿದ್ದ. ಬಾಲ್ಸು ಕೂರುವ ಬಟ್ಟಲಿಗೆ ಹೊಸ ಗ್ರೀಸು ತುಂಬಿ, ಹಿಂದಿನ ಚಕ್ರಕ್ಕಾದರೆ ಒಂದೊಂದು ಕಡೆಗೆ ಕಾಲಿಂಚಿನ ಒಂಬತ್ತು ಬಾಲ್ಸು ಕೂರಿಸಿ, ಚಕ್ರ ಅಲುಗದಂತೆ, ಬಿಗಿಯೂ ಆಗದಂತೆ, ಬಾಲ್ಸನ್ನು ಒತ್ತಿ ಹಿಡಿಯುವ ಕೋನ್ ತಿರುಗಿಸುತ್ತಿದ್ದ. ಗ್ರೀಸಿನ ವಿಷಯದಲ್ಲಿ ಅವನ ಕೈ ತಪ್ಪಿದ್ದನ್ನು ನಾನು ನೋಡಿಲ್ಲ. ಕೆಟ್ಟದ್ದು ಅವನ ಚೈನೆಣ್ಣೆಯೊಂದೇ. ಈ ಸಲ ಊರಿಗೆ ಹೋಗುವಾಗ ಅವನಿಗೊಂದು ಡ್ರೈ ಲ್ಯೂಬ್ ಒಯ್ಯಬೇಕು. ಬೆಲೆ ಮಾತ್ರ ಹೇಳುವುದಿಲ್ಲ.