10 ನಿಮಿಷದ ಆಟ, 24 ಪುಟದ ಪ್ರಬಂಧ

ಕಲಿಕೆಗೆಂದು ಒಳ್ಳೆಯ ವಿಡಿಯೋ ಗೇಮ್ ಮಾಡುವುದು ಕಷ್ಟ. ಕಲಿಕೆಯ ಗೇಮ್ ಬಗ್ಗೆ ಸಂಶೋಧನಾ ಪ್ರಬಂಧ ಮಾಡುವುದು ಅಷ್ಟೇನೂ ಕಷ್ಟವಲ್ಲ. ಈ ವ್ಯತ್ಯಾಸ ಬೇಗ ಅರ್ಥವಾದವರಿಗೆ ಬಡ್ತಿಯೂ ಬೇಗ. ಹೊಸದಾಗಿ ಪಿಎಚ್‌ಡಿಗೆ ಸೇರಿದವರ ಅನುಕೂಲಕ್ಕಾಗಿ ವಿಧಾನವನ್ನು ಇಲ್ಲಿ ಕೊಡಲಾಗಿದೆ.

ಮೊದಲು ಒಂದು ಕ್ವಿಜ್ ಬೇಕು. ಭಿನ್ನರಾಶಿಯದ್ದೇ ಇರಲಿ: 10 ಪ್ರಶ್ನೆ, ಪ್ರತಿಯೊಂದಕ್ಕೂ 4 ಆಯ್ಕೆ. ಪಕ್ಕದಲ್ಲಿ ಒಂದು ಡ್ರ್ಯಾಗನ್ ತಂದು ನಿಲ್ಲಿಸಿ. ಉತ್ತರ ಸರಿಯಾದರೆ ಅದು ಬೆಂಕಿ ಉಗುಳಬೇಕು, ತಪ್ಪಾದರೆ ತಲೆ ಅಲ್ಲಾಡಿಸಬೇಕು. ಮೇಲೆ ಅಂಕ, ಕೆಳಗೆ ಬ್ಯಾಡ್ಜ್, ಕೊನೆಯಲ್ಲಿ ಲೀಡರ್‌ಬೋರ್ಡ್. ಇಷ್ಟಾಯಿತೆಂದರೆ ಅದು ಕ್ವಿಜ್ ಅಲ್ಲ, ಸೀರಿಯಸ್ ಗೇಮ್, ಅಂದರೆ ಮೋಜಿಗಲ್ಲದೆ ಕಲಿಕೆಗೆಂದು ಮಾಡಿದ ಆಟ. ಡ್ರ್ಯಾಗನ್‌ಗೂ ಭಿನ್ನರಾಶಿಗೂ ಏನು ಸಂಬಂಧ ಎಂದು ವಿಮರ್ಶಕರು ಕೇಳಿದರೆ ‘ಕಥನಾತ್ಮಕ ತಲ್ಲೀನತೆ’ ಎಂದು ಬರೆದು ಕಳಿಸಿ. ಎರಡನೇ ಸಲ ಕೇಳುವ ಧೈರ್ಯ ಯಾರೂ ಮಾಡುವುದಿಲ್ಲ.

ತಪ್ಪು ಉತ್ತರಕ್ಕೆ ಅಂಕ ಕಳೆಯಬೇಡಿ, ಮಕ್ಕಳಿಗೆ ಬೇಜಾರಾದೀತು. ಇದರ ಫಲ ಎರಡೇ ನಿಮಿಷದಲ್ಲಿ ಕಾಣುತ್ತದೆ. ಹಿಂದಿನ ಬೆಂಚಿನ ಹುಡುಗ ಪ್ರಶ್ನೆ ಓದುವುದನ್ನು ಬಿಟ್ಟು ಮೇಲಿನಿಂದ ಕೆಳಗೆ ಒಂದೊಂದೇ ಗುಂಡಿ ಒತ್ತಿಕೊಂಡು ಹೋಗುತ್ತಾನೆ. ನಾಲ್ಕರಲ್ಲಿ ಒಂದು ಸರಿ ಇದ್ದೇ ಇರುತ್ತದಲ್ಲ. ಲೆಕ್ಕ ಹಾಕಿದರೆ ಪ್ರಶ್ನೆಗೆ ಸರಾಸರಿ ಎರಡೂವರೆ ಕ್ಲಿಕ್. 10 ಪ್ರಶ್ನೆ ಮುಗಿಯುವಷ್ಟರಲ್ಲಿ 25. ಮುಂದಿನ ಬೆಂಚಿನಲ್ಲಿ ಎಲ್ಲ ಉತ್ತರ ಗೊತ್ತಿದ್ದ ಹುಡುಗಿಯದು ಬರೀ 10. ಸರ್ವರ್ ಇವನ್ನು ‘ಎಂಗೇಜ್‌ಮೆಂಟ್’ ಎಂಬ ಕಾಲಮ್ಮಿನಲ್ಲಿ ದಾಖಲಿಸುತ್ತದೆ. ಹೀಗೆ ಏನೂ ಗೊತ್ತಿಲ್ಲದವನು ಎಲ್ಲ ಬಲ್ಲವಳಿಗಿಂತ ಎರಡೂವರೆ ಪಟ್ಟು ತಲ್ಲೀನನಾಗಿದ್ದ ಎಂದು ಸಾಬೀತಾಗುತ್ತದೆ. ಬಾರ್ ಚಾರ್ಟ್ ಬಣ್ಣದ್ದೇ ಇರಲಿ.

ಈಗ ಪ್ರಯೋಗ. ಶಾಲೆಯವರು ಕೊಡುವುದು 45 ನಿಮಿಷದ ಒಂದು ಪೀರಿಯಡ್. ಲಾಗಿನ್ ಮತ್ತು ಮರೆತ ಪಾಸ್‌ವರ್ಡಿಗೆ 10 ನಿಮಿಷ, ಆಟಕ್ಕೆ ಮುಂಚಿನ ಪರೀಕ್ಷೆಗೆ 10, ಆಟದ ನಂತರದ ಪರೀಕ್ಷೆಗೆ 10, ಪ್ರಶ್ನಾವಳಿಗೆ 5. ಉಳಿದ 10 ನಿಮಿಷ ಆಟ. ಎರಡೂ ಪರೀಕ್ಷೆಗೆ ಅದೇ ಪ್ರಶ್ನೆ, ಆಟದೊಳಗೂ ಅದೇ ಪ್ರಶ್ನೆ. ಒಂದೇ ಪ್ರಶ್ನೆಯನ್ನು ಮುಕ್ಕಾಲು ಗಂಟೆಯಲ್ಲಿ ಮೂರು ಸಲ ಕಂಡವರ ಅಂಕ ಏರದೆ ಇನ್ನೇನಾದೀತು? ಆ ಕೀರ್ತಿ ಡ್ರ್ಯಾಗನ್‌ಗೆ ಸಲ್ಲಲಿ.

ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಅದಕ್ಕೆ ಅದೇ ಪಾಠವನ್ನು ಅಷ್ಟೇ ಹೊತ್ತು ಒಳ್ಳೆಯ ಶಿಕ್ಷಕರಿಂದ ಹೇಳಿಸುವ ತಪ್ಪು ಮಾಡಬೇಡಿ, ಗೆದ್ದುಬಿಟ್ಟರೆ ಕಷ್ಟ. ಹಾಳೆ ಕೊಟ್ಟು ‘ಓದಿಕೊಳ್ಳಿ’ ಎಂದರೆ ಸಾಕು. ಕೆಲವರು ಅದನ್ನೂ ಕೊಡುವುದಿಲ್ಲ. ಏನೂ ಇಲ್ಲದ್ದಕ್ಕಿಂತ ಏನೋ ಇರುವುದು ಮೇಲು ಎಂಬ ಫಲಿತಾಂಶಕ್ಕೆ p ಬೆಲೆ 0.05ಕ್ಕಿಂತ ಕಡಿಮೆ ಬರುತ್ತದೆ, ಅಂದರೆ ‘ಇದು ಬರೀ ಆಕಸ್ಮಿಕವಲ್ಲ’ ಎಂಬ ಸಂಖ್ಯಾಶಾಸ್ತ್ರದ ಮುದ್ರೆ ಬೀಳುತ್ತದೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಮೂರನೇ ವಾರ ಮಕ್ಕಳ ಉತ್ಸಾಹ ಎಲ್ಲಿರುತ್ತದೆ ಎಂದು ನೋಡಲು ಹೋಗಬೇಡಿ. ಆಟ ಮಾಡಿದವರು, ಪರೀಕ್ಷೆ ಬರೆಸಿದವರು, ‘ಆಟ ಹೇಗಿತ್ತು?’ ಎಂದು ಮಕ್ಕಳ ಎದುರಿಗೇ ನಿಂತು 5 ಅಂಕದ ಮಾಪಕ ತುಂಬಿಸಿಕೊಂಡವರು ಮೂವರೂ ಒಬ್ಬರೇ ಆಗಿದ್ದರೆ ಸರಾಸರಿ 4ರ ಕೆಳಗೆ ಇಳಿಯುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಪ್ರಬಂಧದ ಮೊದಲ ವಾಕ್ಯ ಸಿದ್ಧವಾಗಿಯೇ ಸಿಗುತ್ತದೆ: ‘ಆಟಗಳು ಮಕ್ಕಳಲ್ಲಿ ಕಲಿಕೆಯ ಆಸಕ್ತಿ ಹುಟ್ಟಿಸುತ್ತವೆ ಎಂಬುದು ಸರ್ವವಿದಿತ.’ ಇಲ್ಲೊಂದು ಸಣ್ಣ ತೊಡಕಿದೆ. 2013ರಲ್ಲಿ ಪೀಟರ್ ವೌಟರ್ಸ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಕಲಿಕೆಯಲ್ಲಿ ಸೀರಿಯಸ್ ಗೇಮ್ ಸಾಮಾನ್ಯ ಪಾಠಕ್ಕಿಂತ ಮುಂದಿತ್ತು, ಪ್ರಮಾಣಿತ ವಿಚಲನೆಯ (ಅಂಕಗಳ ಹರಡಿಕೆಯ ಅಳತೆ) 0.29ರಷ್ಟು. ನೂರು ಮಂದಿಯ ಸಾಲಿನಲ್ಲಿ 50ನೆಯವನಾಗಿದ್ದವನು 39ನೆಯ ಜಾಗಕ್ಕೆ ಬಂದಂತೆ, ತೆಗೆದುಹಾಕುವಂಥದ್ದಲ್ಲ. ಆದರೆ ಆಸಕ್ತಿಯಲ್ಲಿ? ಗಣನೀಯ ವ್ಯತ್ಯಾಸವೇ ಇಲ್ಲ. ಆಟ ಯಾವುದಕ್ಕೆ ಹೆಸರುವಾಸಿಯೋ ಅದೊಂದು ಬಿಟ್ಟು ಉಳಿದದ್ದನ್ನು ಮಾಡಿಕೊಟ್ಟಿತ್ತು. ಈ ಲೇಖನವನ್ನು ಉಲ್ಲೇಖಿಸಿ, ಸಾವಿರಾರು ಮಂದಿ ಉಲ್ಲೇಖಿಸಿದ್ದಾರೆ. ಓದಬೇಡಿ ಅಷ್ಟೆ. ಓದಿದರೆ ಆಟದ ಜೊತೆಗೆ ಬೇರೆ ಪಾಠವೂ ಇದ್ದಾಗ, ಹಲವು ಸಲ ಆಡಿಸಿದಾಗ, ಗುಂಪಿನಲ್ಲಿ ಆಡಿಸಿದಾಗ ಲಾಭ ಹೆಚ್ಚು ಎಂದು ತಿಳಿದು, ಶಾಲೆಯಿಂದ ಇನ್ನೂ ಐದಾರು ಪೀರಿಯಡ್ ಬೇಡಬೇಕಾಗುತ್ತದೆ.

ದಾರಿ ಗೊತ್ತಿಲ್ಲವೆಂದೇನೂ ಅಲ್ಲ. 2011ರಲ್ಲಿ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಐನ್ಸ್‌ವರ್ತ್ ‘ಜಾಂಬಿ ಡಿವಿಷನ್’ ಎಂಬ ಆಟದ ಫಲಿತಾಂಶ ಪ್ರಕಟಿಸಿದರು. ಎದುರಿಗೆ ಬರುವ ಅಸ್ಥಿಪಂಜರದ ಎದೆಯ ಮೇಲೊಂದು ಸಂಖ್ಯೆ. ಅದನ್ನು ಶೇಷವಿಲ್ಲದೆ ಭಾಗಿಸುವ ಆಯುಧ ಎತ್ತಿದರಷ್ಟೇ ಅದು ಬೀಳುತ್ತದೆ. ಭಾಗಾಕಾರವೇ ಕತ್ತಿವರಸೆ. ಇನ್ನೊಂದು ಆವೃತ್ತಿಯಲ್ಲಿ ಹೊಡೆದಾಟ ಬೇರೆ, ಹಂತದ ಕೊನೆಗೆ ಲೆಕ್ಕದ ಕ್ವಿಜ್ ಬೇರೆ. ಬೇಕಾದ್ದು ಆಡಿ ಎಂದು ಬಿಟ್ಟಾಗ ಮಕ್ಕಳು ಮೊದಲನೆಯದರಲ್ಲಿ 7 ಪಟ್ಟು ಹೆಚ್ಚು ಹೊತ್ತು ಕಳೆದರು. ಆದರೆ ಹಾಗೆ ಮಾಡಲು ಲೆಕ್ಕವೂ ಆಟವೂ ಎರಡೂ ಬಲ್ಲವರು ಬೇಕು, ತಿಂಗಳುಗಟ್ಟಲೆ ತಿದ್ದಬೇಕು. ಡ್ರ್ಯಾಗನ್ ಶನಿವಾರ ಭಾನುವಾರದೊಳಗೆ ಮುಗಿಯುತ್ತದೆ.

ಬ್ಯಾಡ್ಜ್ ವಿಷಯವೂ ಹಾಗೆಯೇ. 1973ರಲ್ಲೇ ಮಾರ್ಕ್ ಲೆಪ್ಪರ್ ಮತ್ತು ಸಹೋದ್ಯೋಗಿಗಳು ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಚಿನ್ನದ ನಕ್ಷತ್ರ, ರಿಬ್ಬನ್ ಇದ್ದ ‘ಉತ್ತಮ ಆಟಗಾರ’ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿ ಬರೆಸಿದರು. ಕೆಲ ದಿನ ಬಿಟ್ಟು ನೋಡಿದರೆ, ಆಸೆ ತೋರಿಸದ ಮಕ್ಕಳಿಗೆ ಹೋಲಿಸಿದಾಗ ಇವರು ತಾವಾಗಿ ಬಣ್ಣದ ಪೆನ್ನು ಹಿಡಿಯುತ್ತಿದ್ದ ಹೊತ್ತು ಸುಮಾರು ಅರ್ಧ. ಅರ್ಧ ಶತಮಾನದಾಚೆ ನಾವು ಆ ನಕ್ಷತ್ರಕ್ಕೆ ಆ್ಯನಿಮೇಷನ್ ಸೇರಿಸಿದ್ದೇವೆ.

ಪ್ರಬಂಧ ಅಚ್ಚಾಯಿತು, ಅನುದಾನ ಮುಗಿಯಿತು. ಇನ್ನು ಆಟದ ಚಿಂತೆ ಬೇಡ. ಬ್ರೌಸರ್ ಆಟಗಳ ಹಳೆಯ ತಂತ್ರಾಂಶ ಫ್ಲ್ಯಾಶ್‌ನಲ್ಲಿ ಮಾಡಿದ್ದವಕ್ಕೆ 2020ರ ಡಿಸೆಂಬರ್ 31ರಂದು ಅಡೋಬಿಯೇ ಮಂಗಳ ಹಾಡಿತು. ಉಳಿದವು ಸರ್ವರ್ ಬಾಡಿಗೆ ಕಟ್ಟದೆ ತಾವೇ ಹೋದವು. ‘ಆ ಆಟ ಕಳಿಸುತ್ತೀರಾ, ನಮ್ಮ ಶಾಲೆಯಲ್ಲಿ ಆಡಿಸಬೇಕಿತ್ತು’ ಎಂದು ಯಾವುದೋ ಊರಿನ ಶಿಕ್ಷಕಿ ಮೇಲ್ ಮಾಡಿದರೆ ಗಾಬರಿಯಾಗಬೇಡಿ. ಇಂಥ ಮೇಲ್ ಬರುವುದೇ ಅಪರೂಪ. ಕೋಡ್ ಬರೆದ ವಿದ್ಯಾರ್ಥಿ ಪದವಿ ಮುಗಿಸಿ ಹೋಗಿದ್ದಾನೆ, ಫೈಲು ಅವನ ಹಳೇ ಲ್ಯಾಪ್‌ಟಾಪಿನಲ್ಲಿತ್ತು ಎಂದು ಉತ್ತರಿಸಿ, ಜೊತೆಗೆ ಪ್ರಬಂಧದ ಪಿಡಿಎಫ್ ಲಗತ್ತಿಸಿ. 7ನೇ ಪುಟದಲ್ಲಿ ಡ್ರ್ಯಾಗನ್ನಿನ ಚಿತ್ರವಿದೆ, ಕಪ್ಪುಬಿಳುಪಿನಲ್ಲಿ.